ನಿರ್ಣಯ ಸಂಖ್ಯೆ ನಲವತ್ತೊಂದರ ಮಾಣಿಕ್ಯ

ಊರಿನ ವಸ್ತುಸಂಗ್ರಹಾಲಯದ ಮಹಡಿಯ ಮೇಲೆ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ, ಕಲ್ಲಿನ ಕೋಣೆ ಎಂಬುದೊಂದಿತ್ತು. ಕೆಳಗಿನ ಕೋಣೆಗಳಲ್ಲಿ ತುಕ್ಕು ಹಿಡಿದ ಕತ್ತಿಗಳು, ಹೊಟ್ಟು ತುಂಬಿದ ಕರಡಿ, ಯಾರೋ ದೊಡ್ಡ ಮನುಷ್ಯರು ಕೂತು ಎದ್ದ ಕುರ್ಚಿ, ಇಷ್ಟನ್ನು ನೋಡುವಷ್ಟರಲ್ಲೇ ಜನಕ್ಕೆ ಸಾಕಾಗಿಹೋಗುತ್ತಿತ್ತು. ಮಹಡಿ ಹತ್ತುವವರೆಲ್ಲ ಅವಸರದಲ್ಲಿ ಹತ್ತುತ್ತಿದ್ದರು, ಸಮಾಧಾನದಲ್ಲಿ ಇಳಿಯುತ್ತಿದ್ದರು. ಆ ಸಮಾಧಾನದಲ್ಲಿ ಕೆಲವರು ಕಲ್ಲಿನ ಕೋಣೆಗೂ ಒಮ್ಮೆ ಇಣುಕಿ ಹೋಗುತ್ತಿದ್ದರು. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಮುನ್ನೂರ ಹನ್ನೆರಡು ಕಲ್ಲುಗಳಿದ್ದವು. ಮೂಲೆಯ ಮೇಜಿನ ಹಿಂದೆ ಒಬ್ಬ ಹೆಂಗಸಿದ್ದಳು. ಊರಿನವರು ಅವಳನ್ನು ಕಲ್ಲಕ್ಕ ಎನ್ನುತ್ತಿದ್ದರು.

ಕಲ್ಲಕ್ಕ ಅಲ್ಲಿಗೆ ಸೇರಿದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಧೂಳು ಹೊಡೆಯುವ ಕೆಲಸಕ್ಕೆ. ಗಾರೆ ಕೆಲಸದ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅಮ್ಮ ಮತ್ತು ಹನ್ನೊಂದು ವರ್ಷದ ತಂಗಿ. ಕಲ್ಲಿನ ಕೋಣೆಯ ಉಸ್ತುವಾರಿಗೆ ಆಗ ಒಬ್ಬ ವಯಸ್ಸಾದ ಭೂವಿಜ್ಞಾನಿ ಇದ್ದರು. ಅವರಿಗೆ ಕಣ್ಣಿನಲ್ಲಿ ಪೊರೆ ಬಂದು, ತಾವೇ ಬರೆದ ಚೀಟಿಗಳನ್ನು ತಾವೇ ಓದಲಾರದೆ ಒದ್ದಾಡುತ್ತಿದ್ದರು. ಹುಡುಗಿಯ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಪೊರಕೆ ಕೆಳಗಿಡಿಸಿ ಪೆನ್ನು ಕೊಟ್ಟರು. ಅವರು ಕಲ್ಲನ್ನು ಅಂಗೈಯಲ್ಲಿ ತೂಗಿ ಹೇಳುವುದು, ಇವಳು ಬರೆಯುವುದು, ಹೀಗೆ ಒಂಬತ್ತು ವರ್ಷ ನಡೆಯಿತು. ಬರೆಯುತ್ತ ಬರೆಯುತ್ತ ಅವಳಿಗೆ ಕಲ್ಲಿನ ಹುಚ್ಚು ಹಿಡಿಯಿತು.

"ಬಣ್ಣ ನೋಡಿ ಕಲ್ಲಿನ ಹೆಸರು ಹೇಳಬೇಡಮ್ಮ," ಎನ್ನುತ್ತಿದ್ದರು ಅವರು. "ಬಣ್ಣ ಅನ್ನೋದು ಮನೆಗೆ ಬಂದ ನೆಂಟ ಇದ್ದ ಹಾಗೆ. ಕುರುಂದದ ಕಲ್ಲು ಹುಟ್ಟಾ ಬಿಳೀದು. ಅದಕ್ಕೆ ಒಂದು ಚಿಟಿಕೆ ಕ್ರೋಮಿಯಂ ಸೇರಿದ್ರೆ ಮಾಣಿಕ್ಯ ಅಂತ ಕುಣೀತಾರೆ. ಕಬ್ಬಿಣ, ಟೈಟಾನಿಯಂ ಸೇರಿದ್ರೆ ನೀಲ ಅಂತ ಕುಣೀತಾರೆ. ಮನೆ ಯಜಮಾನ ಯಾರು ಅಂತ ಕೇಳೋರೇ ಇಲ್ಲ."

ಅವರು ತೀರಿಕೊಂಡ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಕಲ್ಲಕ್ಕ ಕೊನೆಯವರೆಗೂ ಅಟೆಂಡರೇ. ಆದರೆ ಊರಿನಲ್ಲಿ ಕಲ್ಲಿನ ಕುಲಗೋತ್ರ ಬಲ್ಲವಳು ಅವಳೊಬ್ಬಳೇ.

ಬಲ್ಲವಳು ಆಗಿದ್ದು ಅವಳ ಸಂಸಾರಕ್ಕೆ ಮುಳುವಾಯಿತು. ಇಪ್ಪತ್ತಾರರಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಅಂಚೆ ಕಚೇರಿಯಲ್ಲಿದ್ದ, ನಡತೆಯೂ ಮೃದು. ಅವನ ತಾಯಿ ಬಂದು, ಪೆಟ್ಟಿಗೆಯಿಂದ ನೀಲಿ ಕಲ್ಲಿನ ಉಂಗುರವೊಂದನ್ನು ತೆಗೆದು, ಇದು ನಮ್ಮ ಮನೆತನದ ನೀಲ, ಮೂರು ತಲೆಮಾರಿನಿಂದ ಸೊಸೆಯಂದಿರ ಬೆರಳಿಗೆ ಬಂದದ್ದು ಎಂದು ಇವಳ ಕೈಗಿಟ್ಟಳು. ಇವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಒಳಗೆ ಗಾಳಿಗುಳ್ಳೆ ಇದೆಯಲ್ಲ," ಎಂದಳು.

"ಅಂದ್ರೆ?"

"ಗಾಜು."

ಅಷ್ಟೇ ಮಾತು. ಬಂದವರು ಎದ್ದು ಹೋದರು. ಅಮ್ಮ ಮೂರು ದಿನ ಅನ್ನ ಬಿಟ್ಟಳು. "ಅಲ್ಲ ಕಣೇ, ಗಾಜಾಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಬೆರಳಿಗೆ ಹಾಕ್ಕೊಂಡು ಸುಮ್ಮನಿರೋಕೆ ಆಗ್ತಿರಲಿಲ್ವಾ?" ಎಂದು ಕೇಳಿದಳು. ಮಗಳು, "ಅವರು ಗುಳ್ಳೆ ಇದೆಯಾ ಅಂತ ಕೇಳಲಿಲ್ಲ, ಅದು ನನ್ನ ತಪ್ಪು. ಆದ್ರೆ ಇದ್ದದ್ದು ನಿಜ," ಎಂದಳು. ಆಮೇಲೆ ಆ ಮನೆಗೆ ಹೆಣ್ಣು ಕೇಳಿಕೊಂಡು ಯಾರೂ ಬರಲಿಲ್ಲ. ಬಂದರೂ ಉಂಗುರ ತೆಗೆದಿಟ್ಟು ಬರಬೇಕಾಗಿತ್ತು. ತಂಗಿಯನ್ನು ಮಾತ್ರ ಓದಿಸಿ, ಮಣ್ಣು ತೋಡುವ ಯಂತ್ರ ಓಡಿಸುವ ಒಬ್ಬ ಕಷ್ಟಜೀವಿಗೆ ಕೊಟ್ಟು ಮದುವೆ ಮಾಡಿದಳು. ಮದುವೆಯ ದಿನ ನೆಂಟರ ಒಡವೆಗಳ ಮೇಲೆ ಕಣ್ಣು ಹಾಯಿಸಬಾರದೆಂದು ತಂಗಿ ಅಕ್ಕನಿಂದ ಮಾತು ತೆಗೆದುಕೊಂಡಿದ್ದಳು. ಕಲ್ಲಕ್ಕ ದಿನವಿಡೀ ನೆಲ ನೋಡಿಕೊಂಡು ಓಡಾಡಿದಳು.

ಅವಳಿಗೆ ಐವತ್ತನಾಲ್ಕು ತುಂಬಿದ ವರ್ಷ ಊರಿಗೆ ಬಳಸುದಾರಿಯ ರಸ್ತೆ ಮಾಡುವ ಕೆಲಸ ಶುರುವಾಯಿತು. ನೀರಿನ ಟ್ಯಾಂಕಿನ ಹಿಂದಿನ ಗುಡ್ಡದ ಇಳಿಜಾರನ್ನು ಕಡಿಯುವ ಕೆಲಸ ತಂಗಿಯ ಗಂಡನ ಯಂತ್ರಕ್ಕೆ ಬಂತು. ಒಂದು ಭಾನುವಾರ ಬೆಳಗ್ಗೆ ಗಂಡಹೆಂಡತಿ ಇಬ್ಬರೂ ಕಲ್ಲಕ್ಕನ ಮನೆಗೆ ಬಂದರು. ಅವನು ಚಪ್ಪಲಿ ಬಿಡುವುದಕ್ಕೂ ಮೊದಲು ಬಾಗಿಲ ಅಗುಳಿ ಹಾಕಿದ. ಅಡುಗೆಮನೆಯ ಮೇಜಿನ ಮೇಲೆ ತನ್ನ ಊಟದ ಡಬ್ಬಿಯನ್ನಿಟ್ಟು ಮುಚ್ಚಳ ತೆಗೆದ. ಒದ್ದೆ ಬಟ್ಟೆಯ ಮೇಲೆ, ಹುಣಸೆಬೀಜದಿಂದ ಹಿಡಿದು ಗೋಲಿಯಷ್ಟು ದಪ್ಪದವರೆಗೆ, ಕೆಂಪು ಕಲ್ಲುಗಳು ರಾಶಿಯಾಗಿ ಕೂತಿದ್ದವು.

"ಗಾರ್ನೆಟ್ಟು," ಎಂದಳು ಕಲ್ಲಕ್ಕ.

"ಸರಿಯಾಗಿ ನೋಡಿ ಅಕ್ಕ. ಕನ್ನಡಕ ಹಾಕ್ಕೊಳ್ಳಿ."

"ಇದಕ್ಕೆ ಕನ್ನಡಕ ಬೇಡ. ಅಗ್ಗದ ಕೆಂಪು ಕಲ್ಲು, ಹನ್ನೆರಡು ಮುಖ ಇದೆ. ಎಣಿಸಿ ನೀವೇ."

ಅವನು ದೊಡ್ಡದೊಂದನ್ನು ತೆಗೆದುಕೊಂಡು ಎಣಿಸಿದ. ಮೊದಲ ಸಲ ಹನ್ನೊಂದು ಬಂತು, ಮುಖ ಅರಳಿತು. ಎರಡನೆಯ ಸಲ ಹನ್ನೆರಡೇ ಬಂತು. "ಮಾಣಿಕ್ಯಕ್ಕೆ ಹನ್ನೆರಡು ಮುಖ ಇರಬಾರದಾ?" ಎಂದು ಕೇಳಿದ.

"ಅದರದ್ದು ಆರು ಮೂಲೆ. ಬಿಲ್ಲೆ ಥರ ಇರುತ್ತೆ, ಇಲ್ಲ ಪೀಪಾಯಿ ಥರ. ಎಲ್ಲಿ ಸಿಕ್ಕಿದ್ದು ಇದು?"

"ಟ್ಯಾಂಕ್ ಹಿಂದೆ. ಮಿರಮಿರ ಅನ್ನೋ ಪದರಗಲ್ಲು ಇದೆಯಲ್ಲ, ಅದರೊಳಗೆ ಹೂತುಕೊಂಡಿದ್ವು."

"ಅದು ಅಭ್ರಕದ ಕಲ್ಲು, ಜೊತೆಗೆ ಬೆಣಚು. ಆ ಗುಡ್ಡದ ತುಂಬ ಮರಳಿನ ಅಂಶವೇ. ಮಾಣಿಕ್ಯಕ್ಕೂ ಅದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಮಾಣಿಕ್ಯ ಆಗೋ ಸಾಮಾನು ಅಲ್ಲಿದ್ರೂ ಮರಳಿನ ಅಂಶ ಅದನ್ನ ಬಿಡಲ್ಲ, ಎಳ್ಕೊಂಡು ಬೇರೆ ಕಲ್ಲು ಮಾಡಿಬಿಡುತ್ತೆ. ನಮ್ಮ ಗುಡ್ಡದಲ್ಲಿ ಅದಕ್ಕೆ ಹುಟ್ಟೋಕೇ ಜಾಗ ಇಲ್ಲ."

ತಂಗಿ ಒಲೆಯ ಮುಂದೆ ನಿಂತಿದ್ದವಳು ಮೆಲ್ಲಗೆ, "ಇಷ್ಟರಲ್ಲಿ ಒಂದಾದ್ರೂ..." ಎಂದಳು.

"ಒಂದೂ ಇಲ್ಲ."

ಅವನು ಕಲ್ಲುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದ. "ಮೂರು ರಾತ್ರಿ ನಿದ್ದೆ ಮಾಡಿಲ್ಲ ಅಕ್ಕ ನಾನು," ಎಂದ. "ನಮಗೊಂದು ಒಳ್ಳೇದಾದ್ರೆ ನಿಮಗೇನು ಕಷ್ಟ?" ಕಲ್ಲಕ್ಕ ಎದ್ದು ಮೂರು ಲೋಟಕ್ಕೆ ಚಹಾ ಬಗ್ಗಿಸಿದಳು. ಅವರು ಚಹಾ ಕುಡಿಯದೆ ಹೊರಟುಹೋದರು. ಮೂರು ಲೋಟ ಚಹಾ ಅವಳೊಬ್ಬಳ ಪಾಲಿಗೆ ಉಳಿಯಿತು.

ಅಲ್ಲಿಂದ ಅವನು ನೇರ ಹೋದದ್ದು ನಗರಸಭೆಯ ಅಧ್ಯಕ್ಷರ ಮನೆಗೆ. ಅಧ್ಯಕ್ಷರಿಗೆ ಸಿಮೆಂಟಿನ ಅಂಗಡಿಯಿತ್ತು, ಎಂಟು ಬೆರಳಿಗೆ ಉಂಗುರಗಳಿದ್ದವು. ಉಳಿದ ಎರಡು ಹೆಬ್ಬೆರಳುಗಳನ್ನು ಸಹಿ ಹಾಕುವುದಕ್ಕೆಂದು ಖಾಲಿ ಬಿಟ್ಟಿದ್ದರು. ಅವರು ಡಬ್ಬಿಯೊಳಗೆ ನೋಡಿದರು, ಒಂದು ಕಲ್ಲನ್ನು ಎತ್ತಿ ತಮ್ಮ ಉಂಗುರದ ಕಲ್ಲಿನ ಪಕ್ಕ ಹಿಡಿದರು. ಎರಡೂ ಕೆಂಪಾಗಿದ್ದವು. ಪರೀಕ್ಷೆ ಮುಗಿಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಲೋಕದ ರೂಢಿ. ಆ ಊರಿನವರು ಕುಲಾವಿಯ ಜೊತೆಗೆ ಕೂಸಿಗೆ ಶಾಲೆಯಲ್ಲಿ ಸೀಟನ್ನೂ ಹಿಡಿದರು. ಎರಡು ವಾರದೊಳಗೆ ಊರ ಬಾಗಿಲಿಗೆ "ಮಾಣಿಕ್ಯದ ಮಡಿಲಿಗೆ ಸ್ವಾಗತ" ಎಂಬ ಕಮಾನು ಎದ್ದಿತು. ಕ್ಷೌರದಂಗಡಿ, ಟೈರ್ ಪಂಕ್ಚರ್ ಅಂಗಡಿ, ಹಲ್ಲಿನ ಆಸ್ಪತ್ರೆ, ಎಲ್ಲದರ ಹೆಸರಿನ ಮುಂದೆ ಮಾಣಿಕ್ಯ ಸೇರಿತು. ಟ್ಯಾಂಕಿನ ಗುಡ್ಡದ ಕೆಳಗೆ ಯಾರಿಗೂ ಬೇಡವಾಗಿದ್ದ ಕಲ್ಲುಭೂಮಿಯ ಬೆಲೆ ಆಕಾಶಕ್ಕೇರಿತು. ಜನ ತಮ್ಮ ತಮ್ಮ ಹಿತ್ತಿಲು ಅಗೆದರು. ಒಬ್ಬ ಹಿತ್ತಿಲು ಮುಗಿಸಿ, ರಸ್ತೆಯ ಕಡೆಗೂ ಅಗೆದು, ಊರಿನ ನೀರಿನ ಕೊಳವೆಯನ್ನೇ ಒಡೆದ. ಮೂರು ದಿನ ಊರಿಗೆ ನೀರಿಲ್ಲ. ಆದರೆ ಆ ಗುಂಡಿಯಲ್ಲೂ ನಾಲ್ಕು ಕೆಂಪು ಕಲ್ಲು ಸಿಕ್ಕಿದ್ದರಿಂದ ಯಾರೂ ಅವನನ್ನು ಬೈಯಲಿಲ್ಲ, ಜನ ಬರಿ ಕೊಡ ಹಿಡಿದುಕೊಂಡು ಬಂದು ಗುಂಡಿ ನೋಡಿ ಹೋದರು. ತಂಗಿಯ ಗಂಡ ಯಂತ್ರದ ಕೆಲಸ ಬಿಟ್ಟ. ಅಧ್ಯಕ್ಷರು ಅವನಿಗೆ "ಮಾಣಿಕ್ಯ ಶೋಧಕ" ಎಂಬ ಬಿರುದನ್ನು ಹಿತ್ತಾಳೆಯ ಫಲಕದ ಮೇಲೆ ಕೆತ್ತಿಸಿ ಕೊಟ್ಟರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಗರಸಭೆಯ ವರಾಂಡದಲ್ಲಿ ಕೂರತೊಡಗಿದ.

ಆದರೂ ಒಂದು ಪರೀಕ್ಷೆ ಅಂತ ಆಗಬೇಕಲ್ಲ. ನಗರಸಭೆ ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆದು ತಜ್ಞರನ್ನು ಕಳಿಸಿ ಎಂದು ಕೇಳಿತು. ಸಂಗ್ರಹಾಲಯದ ಮೇಲಧಿಕಾರಿ ವಾಣಿಜ್ಯ ಓದಿದವರು, ಕಲ್ಲಿಗೂ ಅವರಿಗೂ ಇದ್ದ ಸಂಬಂಧ ಮೂತ್ರಪಿಂಡದ್ದೊಂದೇ. ಅವರು ಕಲ್ಲಕ್ಕನನ್ನು ಕರೆದು, "ಹೋಗಿ ಬಾಮ್ಮ. ಚಿಕ್ಕದಾಗಿ ಮುಗಿಸು," ಎಂದರು.

ಸಭಾಭವನದಲ್ಲಿ ಇಪ್ಪತ್ತೇಳು ಮಂದಿ ಸದಸ್ಯರು ಕೂತಿದ್ದರು. ಕಲ್ಲಕ್ಕ ಕೈಚೀಲದಿಂದ ಒಂದು ಪಾತ್ರೆ, ಚೂರು ಥರ್ಮಾಕೋಲ್, ಹಾಳಾದ ಕಂಪ್ಯೂಟರಿನ ಒಳಗಿಂದ ಕಿತ್ತ ಬಲವಾದ ಅಯಸ್ಕಾಂತ, ಬಟ್ಟೆಯಲ್ಲಿ ಸುತ್ತಿದ ಒಂದು ಪುಷ್ಯರಾಗದ, ಅಂದರೆ ಟೋಪಾಜ್ ಕಲ್ಲಿನ ಹರಳು, ಇಷ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಪಾತ್ರೆಗೆ ನೀರು ಹಾಕಿ, ಥರ್ಮಾಕೋಲನ್ನು ತೇಲಿಬಿಟ್ಟು, ಅದರ ಮೇಲೆ ಒಂದು ಕೆಂಪು ಕಲ್ಲನ್ನು ಕೂರಿಸಿದಳು. ಅಯಸ್ಕಾಂತವನ್ನು ಹತ್ತಿರ ಹಿಡಿದಳು. ಕಲ್ಲು ಪುಟ್ಟ ದೋಣಿಯಲ್ಲಿ ಕೂತ ಯಜಮಾನನ ಹಾಗೆ ಗಂಭೀರವಾಗಿ ಅವಳ ಕೈಯ ಕಡೆಗೆ ತೇಲಿ ಬಂತು.

"ಎಳೀತು," ಎಂದರು ಅಧ್ಯಕ್ಷರು. "ಎಳೀತಲ್ವಾ?"

"ಎಳೀತು ಸಾರ್. ಇದರಲ್ಲಿ ಕಬ್ಬಿಣದ ಅಂಶ ಇದೆ, ಅದಕ್ಕೆ. ಮಾಣಿಕ್ಯ ಆಗಿದ್ರೆ ಕೂತ ಜಾಗ ಬಿಟ್ಟು ಅಲ್ಲಾಡ್ತಿರಲಿಲ್ಲ."

"ಹಾಗಾದ್ರೆ ಮಾಮೂಲಿ ಮಾಣಿಕ್ಯಕ್ಕೆ ಇಲ್ಲದ ಶಕ್ತಿ ಇದಕ್ಕಿದೆ ಅಂತಾಯ್ತು."

"ಹಾಗಲ್ಲ ಸಾರ್. ಇದು ಮಾಣಿಕ್ಯ ಅಲ್ಲ ಅಂತ."

"ಆಕರ್ಷಣ ಶಕ್ತಿ," ಎಂದು ಗುಮಾಸ್ತ ಬರೆದುಕೊಂಡ.

ಕಲ್ಲಕ್ಕ ಪುಷ್ಯರಾಗವನ್ನು ಎತ್ತಿಕೊಂಡಳು. ಕೆಂಪು ಕಲ್ಲಿನ ಮೊನೆಯಿಂದ ಅದರ ಮೇಲೆ ಒತ್ತಿ ಒತ್ತಿ ಎಳೆದಳು. "ನೋಡಿ, ಮಾಣಿಕ್ಯ ಇದಕ್ಕಿಂತ ಗಟ್ಟಿ. ವಜ್ರ ಬಿಟ್ರೆ ಅದೇ. ಮಾಣಿಕ್ಯ ಆಗಿದ್ರೆ ಪುಷ್ಯರಾಗದ ಮೇಲೆ ಗೀರು ಬೀಳಬೇಕಿತ್ತು. ಒಂದು ಗೀರೂ ಬಿದ್ದಿಲ್ಲ."

ಹಿಂದಿನ ಸಾಲಿನ ಸದಸ್ಯರೊಬ್ಬರು, ಅವರು ಗುಡ್ಡದ ಕೆಳಗೆ ಹೊಸದಾಗಿ ಜಾಗ ಕೊಂಡವರು, ತಲೆದೂಗಿದರು. "ಇನ್ನೊಬ್ಬರಿಗೆ ನೋವು ಮಾಡೋದಿಲ್ಲ. ಸೌಮ್ಯ ಸ್ವಭಾವ."

ಗುಮಾಸ್ತ ಅದನ್ನೂ ಬರೆದುಕೊಂಡ. ನಿರ್ಣಯ ಸಂಖ್ಯೆ ನಲವತ್ತೊಂದು ಸರ್ವಾನುಮತದಿಂದ ಅಂಗೀಕಾರವಾಯಿತು. ಅದರ ಪ್ರಕಾರ ಟ್ಯಾಂಕಿನ ಗುಡ್ಡದಲ್ಲಿ ದೊರೆತದ್ದು ಆಕರ್ಷಣ ಶಕ್ತಿಯುಳ್ಳ, ಸೌಮ್ಯ ಜಾತಿಯ, ಲೋಕದಲ್ಲಿ ಬೇರೆಲ್ಲೂ ಸಿಗದ ಮಾಣಿಕ್ಯ. ಪರೀಕ್ಷೆ ನಡೆಸಿಕೊಟ್ಟದ್ದಕ್ಕೆ ಕಲ್ಲಕ್ಕನಿಗೆ ಧನ್ಯವಾದ ಹೇಳುವ ಸಾಲೂ ಅದರಲ್ಲಿ ಸೇರಿತ್ತು. ಮೆಟ್ಟಿಲಿಳಿಯುವಾಗ ವರಾಂಡದಲ್ಲಿ ಕೂತಿದ್ದ ತಂಗಿಯ ಗಂಡ ಅವಳನ್ನು ನೋಡಿ ಮುಖ ತಿರುಗಿಸಿದ. ಅವನು ಮುಖ ತಿರುಗಿಸಿದ್ದು ಅವಳನ್ನು ಇಪ್ಪತ್ತೇಳು ಮಂದಿಯ ಬುದ್ಧಿಗಿಂತ ಹೆಚ್ಚು ನೋಯಿಸಿತು.

ಇನ್ನೊಂದು ತೊಡಕಿತ್ತು. ಸಂಗ್ರಹಾಲಯದ ಎಂಬತ್ತೇಳನೆಯ ಕಲ್ಲು ಇದೇ ಗುಡ್ಡದ್ದು. ಎಷ್ಟೋ ವರ್ಷಗಳ ಹಿಂದೆ ಹಳೆಯ ಭೂವಿಜ್ಞಾನಿಗಳೇ ತಂದಿಟ್ಟದ್ದು. "ಗಾರ್ನೆಟ್, ನೀರಿನ ಟ್ಯಾಂಕಿನ ಗುಡ್ಡ" ಎಂಬ ಅದರ ಚೀಟಿ ಈಗ ಊರಿನ ಮರ್ಯಾದೆಗೆ ಕುಂದು ತರುತ್ತಿದೆ ಎಂದು ನಗರಸಭೆಯಿಂದ ಪತ್ರ ಬಂತು. ಮೇಲಧಿಕಾರಿ ಹೊಸ ಚೀಟಿ ಬರೆಯಲು ಕಲ್ಲಕ್ಕನಿಗೇ ಹೇಳಿದರು. ಅಷ್ಟು ದುಂಡಗೆ ಬರೆಯುವವರು ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸುಳ್ಳು ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲ ಸಾರ್."

"ಸುಳ್ಳು ಅಂತ ಯಾರು ಹೇಳಿದ್ರು? ನಿರ್ಣಯ ಆಗಿದೆ. ನಿರ್ಣಯ ಆಗಿರೋದು ಸುಳ್ಳಾ?"

ನಿರ್ಣಯ ಆಗಿದ್ದು ಸುಳ್ಳಲ್ಲ. ಕಲ್ಲಕ್ಕ ಮಧ್ಯಾಹ್ನದವರೆಗೆ ಆ ಮಾತನ್ನು ತಿರುವಿ ಮುರುವಿ ನೋಡಿದಳು, ಅದರಲ್ಲಿ ಎಲ್ಲೂ ಗುಳ್ಳೆ ಕಾಣಲಿಲ್ಲ. ಆಮೇಲೆ ಕೂತು ಚೀಟಿ ಬರೆದಳು: "ಮಾಣಿಕ್ಯ, ನಗರಸಭೆಯ ನಿರ್ಣಯ ಸಂಖ್ಯೆ ೪೧ರ ಪ್ರಕಾರ. ಹನ್ನೆರಡು ಮುಖ, ಅಯಸ್ಕಾಂತ ಎಳೆಯುತ್ತದೆ, ಪುಷ್ಯರಾಗವನ್ನು ಗೀಚುವುದಿಲ್ಲ." ಅಧ್ಯಕ್ಷರು ಬಂದು ಅದನ್ನು ಓದಿ ಬಹಳ ಸಂತೋಷಪಟ್ಟರು. ಕಲ್ಲಿನ ಕೋಣೆಯಲ್ಲಿ ನಗರಸಭೆಯ ಹೆಸರಿರುವ ಚೀಟಿ ಅದೊಂದೇ ಎಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ದಿನಕ್ಕೆ ಏಳು ಜನ ಬರುತ್ತಿದ್ದ ಸಂಗ್ರಹಾಲಯಕ್ಕೆ ಈಗ ಮುನ್ನೂರು ಜನ ಬರತೊಡಗಿದರು. ಎಲ್ಲರ ಜೇಬಿನಲ್ಲೂ ಕೆಂಪಗೆ ಏನಾದರೊಂದು ಇರುತ್ತಿತ್ತು. ಬಂದವರಿಗೆಲ್ಲ ಕಲ್ಲಕ್ಕ "ಗಾರ್ನೆಟ್ಟು" ಎನ್ನುತ್ತಿದ್ದುದರಿಂದ, ಮೇಲಧಿಕಾರಿ ಅವಳನ್ನು ಕೆಳಗೆ ಬಾಗಿಲ ಹತ್ತಿರ ಕೊಡೆ, ಚೀಲ ಇಟ್ಟುಕೊಂಡು ಬಿಲ್ಲೆ ಕೊಡುವ ಕಟ್ಟೆಗೆ ಹಾಕಿದರು. ಜನ ಕೊಡೆ ಕೊಡುವ ನೆಪದಲ್ಲಿ ಅಲ್ಲೇ ಕೇಳತೊಡಗಿದರು. ಅವಳು ಬಿಲ್ಲೆ ಕೊಡುತ್ತಲೇ ಹೇಳುತ್ತಿದ್ದಳು. "ಗಾರ್ನೆಟ್ಟು. ನಿಮ್ಮದು ಹನ್ನೊಂದನೇ ನಂಬರು." "ಇಟ್ಟಿಗೆ ಚೂರು. ಹನ್ನೆರಡು." ಒಬ್ಬ ಮನುಷ್ಯ ರೇಷ್ಮೆ ಬಟ್ಟೆಯ ಗಂಟು ಬಿಚ್ಚಿ, ಉಸಿರು ಬಿಗಿಹಿಡಿದು ನಿಂತ. "ಇದು ಸ್ಕೂಟರಿನ ಹಿಂದಿನ ದೀಪದ ಗಾಜು ಅಣ್ಣ," ಎಂದಳು. "ಗಾಜೂ ಅಲ್ಲ, ಪ್ಲಾಸ್ಟಿಕ್ಕು." ಅವನು ಅವಳ ಮೇಲೆ ದೂರು ಬರೆದು ಕೊಟ್ಟು ಹೋದ.

ಪಟ್ಟಣಗಳಿಂದ ಹರಳಿನ ವ್ಯಾಪಾರಿಗಳೂ ಬಂದರು. ಕಾರಿನಿಂದ ಇಳಿದು, ಕಲ್ಲು ನೋಡಿ, ಚಹಾ ಕುಡಿದು, ಒಂದು ಮಾತೂ ಆಡದೆ ಹೋದರು. "ವ್ಯಾಪಾರಿ ಮಾತಾಡದೆ ಹೋದ ಅಂದ್ರೆ ಮಾಲು ಒಳ್ಳೇದಿದೆ ಅಂತ ಅರ್ಥ," ಎಂದರು ಅಧ್ಯಕ್ಷರು. ಒಬ್ಬ ವ್ಯಾಪಾರಿ ನಕ್ಕು ಹೋದ. ಅದರಿಂದ ಊರಿನ ಉತ್ಸಾಹ ಇನ್ನೂ ಹೆಚ್ಚಿತು. ಕೊನೆಗೆ ರಾಜಧಾನಿಯ ಪ್ರಯೋಗಾಲಯದಿಂದ "ಗಾರ್ನೆಟ್ ಗುಂಪಿನ ಖನಿಜ" ಎಂದು ವರದಿ ಬಂದಾಗ ಅಧ್ಯಕ್ಷರು ಅದನ್ನು ಎರಡು ಸಲ ಓದಿ, "ಗುಂಪಿನ ಅಂದ್ರೆ ನೋಡ್ರಿ, ಇನ್ನೂ ಬೇಕಾದಷ್ಟಿದೆ ಅಂತ," ಎಂದು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು.

ಆದರೆ ಕಲ್ಲು ಕೊಳ್ಳುವವರು ಬರದೆ ಎಷ್ಟು ದಿನ ಕಮಾನು ನೋಡಿಕೊಂಡು ಕೂರುವುದು? ಗುಡ್ಡದ ಕೆಳಗೆ ಜಾಗ ಕೊಂಡವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮಳೆಗಾಲ ಬಂದು ಹಿತ್ತಿಲ ಗುಂಡಿಗಳಲ್ಲಿ ಕಪ್ಪೆ ಕೂಗಿದವು. ಮಾಣಿಕ್ಯ ಹಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ಮೊದಲ ಪದ ಮಾತ್ರ ಹೇಗೋ ಉದುರಿಹೋಯಿತು. ತಂಗಿಯ ಗಂಡ ವರಾಂಡಕ್ಕೆ ಹೋಗುವುದನ್ನು ಬಿಟ್ಟ.

ಮೋಡವಿಲ್ಲದ ಒಂದು ದಿನ ತಂಗಿ ಕೊಡೆ ಹಿಡಿದುಕೊಂಡು ಸಂಗ್ರಹಾಲಯಕ್ಕೆ ಬಂದಳು. ಕಟ್ಟೆಯ ಮೇಲೆ ಕೊಡೆಯನ್ನಿಟ್ಟಳು. ಅಕ್ಕತಂಗಿ ಮಾತಾಡಿ ಹತ್ತು ತಿಂಗಳಾಗಿತ್ತು.

"ಊಟಾನೇ ಸರಿಯಾಗಿ ಮಾಡ್ತಿಲ್ಲ ಅವರು," ಎಂದಳು. "ಯಂತ್ರದ ಕೆಲಸಕ್ಕೆ ಬೇರೆಯವನ್ನ ಹಾಕ್ಕೊಂಡಿದ್ದಾರೆ. ಮನೇಲಿ ನಾಲ್ಕು ಮೂಟೆ ಕಲ್ಲಿದೆ. ಅದರ ಮುಂದೆ ಕೂತ್ಕೊಂಡು ಎಣಿಸ್ತಾರೆ."

"ಏನು ಎಣಿಸ್ತಾರೆ?"

"ಮುಖ. ಹನ್ನೆರಡಕ್ಕಿಂತ ಕಡಿಮೆ ಇರೋದು ಒಂದಾದ್ರೂ ಸಿಗುತ್ತಾ ಅಂತ."

ಕಲ್ಲಕ್ಕ ಕೊಡೆಗೆ ಬಿಲ್ಲೆ ಕೊಡುವುದನ್ನು ಮರೆತಳು. ಅವತ್ತು ಸುಳ್ಳು ಹೇಳಬೇಕಿತ್ತು ಎಂದು ಅವಳಿಗೆ ಅನ್ನಿಸಲಿಲ್ಲ. ಆದರೆ ಅವನು ಕೇಳಿದ ಪ್ರಶ್ನೆಗೆ, ನಿಮಗೇನು ಕಷ್ಟ ಎಂದದ್ದಕ್ಕೆ, ಏನಾದರೂ ಒಂದು ಉತ್ತರ ಕೊಡಬೇಕಿತ್ತು ಎನ್ನಿಸಿತು. ಕೈಗೆ ಕನ್ನಡಕ ಸಿಕ್ಕುವಷ್ಟು ಹೊತ್ತಾದರೂ ನೋಡಿ ಹೇಳಬಹುದಿತ್ತು. ಅವನು ಮೂರು ರಾತ್ರಿ ನಿದ್ದೆಗೆಟ್ಟು ತಂದ ಡಬ್ಬಿಗೆ ಅವಳು ಕೊಟ್ಟದ್ದು ಒಂದು ಗಳಿಗೆ. "ಬರೋಕೆ ಹೇಳು," ಎಂದಳು. ಅವನು ಬರಲಿಲ್ಲ.

ಬಂದವನು ಬೇರೆಯವನು. ಮಳೆಗಾಲ ಮುಗಿದ ಮೇಲೆ, ಮೊಣಕೈ ಸವೆದ ಕೋಟು ಹಾಕಿಕೊಂಡ ಒಬ್ಬ ಮಧ್ಯವಯಸ್ಸಿನ ಮನುಷ್ಯ ಬಸ್ಸು ಕಾಯುವ ಹೊತ್ತು ಕಳೆಯಲು ಒಳಗೆ ಬಂದ. ಮಹಡಿ ಹತ್ತಿದ, ಇಳಿಯಲು ತುಂಬ ಹೊತ್ತು ಮಾಡಿದ. ಇಳಿದು ಬಂದವನು ಕಟ್ಟೆಯ ಮುಂದೆ ನಿಂತು, "ಎಂಬತ್ತೇಳನೇ ಕಲ್ಲಿನ ಚೀಟಿ ಬರೆದೋರು ಯಾರಮ್ಮ?" ಎಂದು ಕೇಳಿದ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂದಿತ್ತು.

"ನಾನೇ. ಯಾಕೆ?"

"ಮೊದಲ ಸಾಲು ನಗರಸಭೇದು, ಎರಡನೇ ಸಾಲು ನಿಮ್ಮದು ಅಂತ ಗೊತ್ತಾಯ್ತು. ಆ ಗಾರ್ನೆಟ್ಟು ಎಷ್ಟಿದೆ ಇಲ್ಲಿ?"

ಅವನದು ಸ್ಯಾಂಡ್ ಪೇಪರಿನ ವ್ಯವಹಾರ. ಹರಳಾಗಿ ಬೆರಳಿಗೇರಲು ಈ ಕಲ್ಲಿಗೆ ಯೋಗ್ಯತೆಯಿಲ್ಲ, ಒಳಗೆಲ್ಲ ಬಿರುಕು, ಬಣ್ಣವೂ ಕಪ್ಪು ತಿರುಗಿದ್ದು. ಆದರೆ ಒಡೆದರೆ ಮೊನೆ ಮೊನೆಯಾಗಿ ಒಡೆಯುತ್ತದೆ, ಬೇಗ ಸವೆಯುವುದಿಲ್ಲ. ಮರ ಉಜ್ಜಲು, ತುಕ್ಕು ತೆಗೆಯಲು, ನೀರಿನ ರಭಸದ ಜೊತೆ ಸೇರಿಸಿ ಉಕ್ಕಿನ ಹಲಗೆ ಕತ್ತರಿಸಲು ಇದರಂಥದ್ದು ಕಡಿಮೆ. ಇಷ್ಟನ್ನೂ ಅವನು ಹೇಳುವ ಮೊದಲೇ ಕಲ್ಲಕ್ಕನಿಗೆ ಗೊತ್ತಿತ್ತು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಗುಡ್ಡ ಒಡೀಬೇಕಾಗಿಲ್ಲ," ಎಂದಳು. "ಕೆಳಗೆ ಹಳ್ಳ ಇದೆ. ಒಡೆಯೋ ಕೆಲಸಾನ ಮಳೆ ಆಗಲೇ ಮಾಡಿಟ್ಟಿದೆ. ಬನ್ನಿ, ದಾರೀಲಿ ಒಬ್ಬರನ್ನ ಕರ್ಕೊಂಡು ಹೋಗಬೇಕು."

ತಂಗಿಯ ಗಂಡ ಮೂಟೆಗಳ ಮುಂದೆ, ಗಡ್ಡ ಬಿಟ್ಟುಕೊಂಡು ಕೂತಿದ್ದ. ಅತ್ತಿಗೆಯನ್ನು ನೋಡಿ ಎದ್ದು ನಿಂತ. ಕಲ್ಲಕ್ಕ ಕನ್ನಡಕ ಹಾಕಿಕೊಂಡಳು. ಮೂಟೆಯಿಂದ ಒಂದು ಕಲ್ಲು ತೆಗೆದು, ಕಿಟಕಿಯ ಬೆಳಕಿನಲ್ಲಿ ಹಿಂದೆ ಮುಂದೆ ತಿರುಗಿಸಿ, ನಿಧಾನವಾಗಿ ನೋಡಿದಳು.

"ಗಾರ್ನೆಟ್ಟೇ," ಎಂದಳು. "ಆದ್ರೆ ಒಳ್ಳೇ ಗಾರ್ನೆಟ್ಟು. ಇದಕ್ಕೋಸ್ಕರವೇ ಒಬ್ಬರು ಬಂದಿದ್ದಾರೆ. ಗುಡ್ಡ ನಿಮಗಿಂತ ಚೆನ್ನಾಗಿ ಬಲ್ಲೋರು ಯಾರೂ ಇಲ್ಲ. ಬರ್ತೀರಾ?"

ಅವನು ಮೂಲೆಯಲ್ಲಿದ್ದ ಚಪ್ಪಲಿ ಹುಡುಕಿದ.

ಹಳ್ಳ ತಿರುವು ತೆಗೆದುಕೊಳ್ಳುವ ಒಳಮೂಲೆಯಲ್ಲಿ ಕಲ್ಲಕ್ಕ ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿಗಿಳಿದಳು. ತಟ್ಟೆಯಲ್ಲಿ ಮರಳು ಬಾಚಿಕೊಂಡು ನೀರಿನಲ್ಲಿ ತೂಗಾಡಿಸಿದಳು. ಬಿಳಿ ಮರಳು ಅಂಚಿನಿಂದ ತೇಲಿ ತೇಲಿ ಹೋಗಿ, ತಳದಲ್ಲಿ ಕಡುಗೆಂಪು ಮರಳು ಉಳಿಯಿತು. "ನೀರಿಗೆ ಬಣ್ಣ ಗೊತ್ತಾಗಲ್ಲ, ತೂಕ ಗೊತ್ತಾಗುತ್ತೆ," ಎಂದಳು. "ಭಾರ ಇದ್ದದ್ದನ್ನೆಲ್ಲ ರಭಸ ಕಡಿಮೆ ಇರೋ ಕಡೆ ಇಳಿಸಿ ಹೋಗುತ್ತೆ. ಇಲ್ಲಿಂದ ಕೆಳಗಿನ ಸೇತುವೆವರೆಗೂ ಹೀಗೇ ಇದೆ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ." ತಂಗಿಯ ಗಂಡ ಬಗ್ಗಿ, ಎರಡೂ ಕೈಯಲ್ಲಿ ಆ ಕೆಂಪು ಮರಳನ್ನು ಎತ್ತಿ ನೋಡಿದ. "ಇದನ್ನ ಮೊದಲೇ ಹೇಳಬಾರದಿತ್ತಾ ಅಕ್ಕ?" ಎಂದ. ಅವಳು, "ಹೌದು, ಹೇಳಬೇಕಿತ್ತು," ಎಂದಳು.

ಒಂದು ವರ್ಷದಲ್ಲಿ ಹಳ್ಳದ ಪಕ್ಕ ಶೆಡ್ಡು ಎದ್ದು, ಮರಳು ತೊಳೆಯುವ, ಜರಡಿ ಹಿಡಿಯುವ, ಚೀಲ ತುಂಬುವ ಕೆಲಸ ಶುರುವಾಯಿತು. ನಲವತ್ತು ಮಂದಿಗೆ ಕೆಲಸ ಸಿಕ್ಕಿತು. ತಂಗಿಯ ಗಂಡ ಅಲ್ಲಿನ ಮೇಸ್ತ್ರಿಯಾದ. ಉದ್ಘಾಟನೆಗೆ ಅಧ್ಯಕ್ಷರೇ ಬಂದರು. "ಈ ಮಣ್ಣಿನಲ್ಲಿ ಏನೋ ಇದೆ ಅಂತ ನಾನು ಮೊದಲಿನಿಂದ ಹೇಳ್ತಾನೇ ಬಂದೆ. ಕೆಲವರು ನಂಬಲಿಲ್ಲ," ಎಂದು ಭಾಷಣ ಮಾಡುವಾಗ ಎದುರು ಸಾಲಿನಲ್ಲಿ ಕೂತ ಕಲ್ಲಕ್ಕನ ಕಡೆ ಕ್ಷಮಿಸುವವರ ಹಾಗೆ ನೋಡಿದರು. ಕಮಾನಿನ ಮೇಲಿನ ಮಾಣಿಕ್ಯಕ್ಕೆ ಬಣ್ಣ ಬಳಿದು ಗಾರ್ನೆಟ್ ಎಂದು ಬರೆಸಿದರು. ಮಳೆ ಬಂದಾಗಲೆಲ್ಲ ಹಳೆಯ ಅಕ್ಷರ ಹಿಂದಿನಿಂದ ಇಣುಕುತ್ತಿತ್ತು.

ಕಲ್ಲಕ್ಕ ಮತ್ತೆ ಮಹಡಿಗೆ ಹೋದಳು. ಯಾರೂ ಹಾಗೆಂದು ಆದೇಶ ಹೊರಡಿಸಲಿಲ್ಲ. ನೋಡುವ ಜನ ಕಡಿಮೆಯಾಗಿ ಕೊಡೆಗಳೇ ಇಲ್ಲವಾದ್ದರಿಂದ ಅವಳು ತಾನೇ ಎದ್ದು ಹೋಗಿ ಹಳೆಯ ಮೇಜಿನ ಹಿಂದೆ ಕೂತಳು. ವಾರಕ್ಕೊಂದು ಸಂಜೆ ಹಳ್ಳದ ಶೆಡ್ಡಿಗೆ ಹೋಗಿ, ಮರಳಿನಲ್ಲಿ ಬೇರೆ ಕಲ್ಲು ಬೆರೆತಿದೆಯೇ ಎಂದು ಚೀಲ ಚೀಲ ನೋಡಿ ಬರುತ್ತಿದ್ದಳು.

ಅಂಥ ಒಂದು ಸಂಜೆ ಜರಡಿಯ ಮೇಲೆ ಉಳಿದ ಕೆಂಪು ಕಾಳುಗಳ ನಡುವೆ ಒಂದು ಬೇರೆ ಕಾಳು ಕಂಡಿತು. ಕಡಲೆಕಾಳಿನಷ್ಟು ಗಾತ್ರ. ಪೀಪಾಯಿಯ ಆಕಾರ, ಆರು ಮೂಲೆ. ಅವಳು ಉಗುಳು ಹಚ್ಚಿ ಒರೆಸಿ ಬೆಳಕಿಗೆ ಹಿಡಿದಳು. ಒಂದು ಮಗ್ಗುಲಿನಿಂದ ಕಡು ನೀಲಿ, ಇನ್ನೊಂದು ಮಗ್ಗುಲಿನಿಂದ ಹಸಿರು ಮಿಶ್ರಿತ ನೀಲಿ. ಅಯಸ್ಕಾಂತಕ್ಕೆ ಕದಲಲಿಲ್ಲ. ಚೀಲದಲ್ಲಿದ್ದ ಪುಷ್ಯರಾಗದ ಮೇಲೆ ಎಳೆದಾಗ ಬೆಣ್ಣೆಯ ಮೇಲೆ ಎಳೆದ ಹಾಗೆ ಗೀರು ಬಿತ್ತು. ಈ ಗುಡ್ಡದ್ದಲ್ಲ, ಆಗಲು ಸಾಧ್ಯವಿಲ್ಲ. ಹಳ್ಳದ ಮೇಲಿನ ದಾರಿಯಲ್ಲಿ, ಬೆಟ್ಟಗಳ ಆಚೆ, ಮರಳಿನ ಅಂಶವಿಲ್ಲದ ಯಾವುದೋ ಬಂಡೆಯಿಂದ ಬಿಡಿಸಿಕೊಂಡು, ಎಷ್ಟು ಸಾವಿರ ಮಳೆಗಾಲ ಉರುಳಿಕೊಂಡು ಬಂತೋ.

ತಂಗಿಯ ಗಂಡ ಚೀಲಗಳ ಬಾಯಿ ಕಟ್ಟುತ್ತಿದ್ದವನು ತಿರುಗಿ ನೋಡಿ, "ಏನಕ್ಕ ಅದು, ಅಷ್ಟು ಹೊತ್ತಿಂದ ನೋಡ್ತಿದ್ದೀರಿ?" ಎಂದ.

"ನೀಲ," ಎಂದಳು ಕಲ್ಲಕ್ಕ. "ಅಸಲಿ ನೀಲ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಚೆ ನಿಂತಿದ್ದವರನ್ನು ಕೂಗಿ, "ಕೇಳಿದ್ರಾ? ನಮ್ಮಕ್ಕನೂ ತಮಾಷೆ ಮಾಡೋದು ಕಲಿತ್ರು," ಎಂದ. ಅವರೂ ನಕ್ಕರು.

ಕಲ್ಲಕ್ಕ ಇನ್ನೊಂದು ಸಲ ಹೇಳಲು ಬಾಯಿ ತೆರೆದಳು. ಶೆಡ್ಡಿನ ಆಚೆ ಹಳ್ಳ ಹರಿಯುತ್ತಿತ್ತು, ಅದರ ಆಚೆ ಜನ ಗುಂಡಿ ಮುಚ್ಚಿ ಮತ್ತೆ ತರಕಾರಿ ಹಾಕಿದ್ದ ಹಿತ್ತಿಲುಗಳು ಕಾಣುತ್ತಿದ್ದವು. ಅವನು ಕೇಳಿದ್ದಾನೆ, ತಾನು ಇದ್ದದ್ದನ್ನು ಹೇಳಿಯೂ ಆಗಿದೆ. ಒಂದೇ ಮಾತನ್ನು ಎರಡು ಸಲ ಹೇಳಬೇಕೆಂದು ಎಲ್ಲೂ ನಿಯಮವಿಲ್ಲ. ಅವಳೂ ಸ್ವಲ್ಪ ನಕ್ಕಳು.

ಮರುದಿನ ಸಂಗ್ರಹಾಲಯದ ದಾಖಲೆ ಪುಸ್ತಕದಲ್ಲಿ ಮುನ್ನೂರ ಹದಿಮೂರನೆಯ ಕಲ್ಲನ್ನು ನಮೂದಿಸಿ, ಕಿಟಕಿಯ ಪಕ್ಕದ ಪೆಟ್ಟಿಗೆಯಲ್ಲಿ ಇಟ್ಟಳು. ಮುಂದೆ ಎರಡು ವರ್ಷಕ್ಕೆ ನಿವೃತ್ತಿಯಾದಳು. ಕಲ್ಲು ಈಗಲೂ ಅಲ್ಲೇ ಇದೆ, ಚೀಟಿಯ ಮೇಲೆ ಏನೆಂದು ದುಂಡಗೆ ಬರೆದಿದೆ. ಬೇಕಾದವರು ಹೋಗಿ ನೋಡಬಹುದು. ಸೋಮವಾರ ರಜೆ.